ಯಂತ್ರಕ್ಕೆ ಶಾಲು ಹೊದಿಸಿದವನು

ಅವನು ಸತ್ತ ವಿಷಯ ನನಗೆ ಗೋಡೆ ನೋಡಿ ತಿಳಿಯಿತು. ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ಎದುರಿನ ಗೋಡೆಯಲ್ಲಿ ಸಿನಿಮಾ ಪೋಸ್ಟರಿನ ಹೀರೋ ಮುಖ ಮುಚ್ಚುವ ಹಾಗೆ ಹೊಸ ಕಾಗದ ಅಂಟಿಸಿದ್ದರು. ಗೋಂದು ಇನ್ನೂ ಹಸಿ ಇತ್ತು. ಕಪ್ಪು ಅಂಚು, ನಡುವೆ ಅವನ ಫೋಟೋ, ಕೋಟು, ಕನ್ನಡಕ. ನಾನು ಓದುವುದು ನಿಧಾನ, ಒಂದೊಂದೇ ಅಕ್ಷರ ಕೂಡಿಸಬೇಕು. ಫೋಟೋ ಕೆಳಗೆ "ಕಾರ್ಮಿಕರ ತಂದೆ" ಅಂತ ಇತ್ತು. ತಪ್ಪು ಓದಿದೆನೇನೋ ಎಂದು ಇನ್ನೊಂದು ಸಲ ಓದಿದೆ. ತಪ್ಪಿರಲಿಲ್ಲ.

"ಯಾರಜ್ಜಿ ಅದು, ನಿಮ್ಮೋರಾ?" ಅಂದಳು ಸೊಪ್ಪಿನವಳು.

"ಅಲ್ಲ. ದಂಟು ಎಳೇದು ನೋಡಿ ಕೊಡು," ಅಂದೆ.

ಬದುಕಿದ್ದಾಗ ಅವನನ್ನು ಅವರು, ಸಾರ್ ಎಂದೇ ಕರೆದವಳು ನಾನು. ಸಂಬಳ ಕೊಡುವವನಿಗೆ ಬಹುವಚನ ಕೊಡಬೇಕಾಗುತ್ತದೆ. ಈಗ ಆ ಹಂಗಿಲ್ಲ. ಇದನ್ನು ಹೇಳಿ ಬರೆಸುತ್ತಿರುವ ನಾನು ಅವನ ಹೆಸರನ್ನೂ ಬರೆಸುವುದಿಲ್ಲ. ಅಷ್ಟು ವರ್ಷದಲ್ಲಿ ಅವನು ನನ್ನ ಹೆಸರನ್ನು ಒಂದು ದಿನವೂ ಕರೆದವನಲ್ಲ. ಅಲ್ಲಿಗಲ್ಲಿಗೆ ಸರಿಹೋಯಿತು.

ಅವನು ಕೆ.ಜಿ.ಎಫ್.ನ ದೊಡ್ಡ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದವನು. ಅದನ್ನು ಬಿಟ್ಟು ಬಂಗಾರಪೇಟೆಯಲ್ಲಿ ಹುಣಿಸೆಹಣ್ಣಿನ ಹಳೇ ಗೋಡೌನ್ ಬಾಡಿಗೆಗೆ ಹಿಡಿದು ಯಂತ್ರದ ಕೈ ಮಾಡುವ ಕಂಪನಿ ತೆಗೆದ. ರೋಬೋಟು ಎಂಬ ಮಾತು ನಾನು ಮೊದಲು ಕೇಳಿದ್ದು ಅವನ ಬಾಯಲ್ಲಿ. ಗೋಡೌನಿನ ನೆಲಕ್ಕೆ ಎಷ್ಟು ಸಿಮೆಂಟು ಬಳಿಸಿದರೂ ಬಿಸಿಲು ಏರಿದರೆ ಹುಣಿಸೆಯ ವಾಸನೆ ಏಳುತ್ತಿತ್ತು. ಬರುವ ದೊಡ್ಡ ಮನುಷ್ಯರ ಮುಂದೆ ಅವನಿಗೆ ಅದು ದೊಡ್ಡ ಅವಮಾನ. ಊದುಬತ್ತಿ ಹಚ್ಚಿಸುತ್ತಿದ್ದ. ದೇವರನ್ನು ನಂಬದವನ ಕಂಪನಿಯಲ್ಲಿ ದಿನವಿಡೀ ಊದುಬತ್ತಿ ಹೊಗೆ.

ನಾವು ಕೆಲವು ಹೆಂಗಸರು ಅಲ್ಲಿ ಕಬ್ಬಿಣದ ಬಿಡಿಭಾಗಗಳಿಗೆ ಅರ ಹಾಕಿ ನುಣುಪು ಮಾಡುವ ಕೆಲಸಕ್ಕಿದ್ದೆವು. ನಾನು ಗಂಡ ಸತ್ತ ಮೇಲೆ ಹೊಲದ ಕೂಲಿ ಬಿಟ್ಟು ಸೇರಿದವಳು. ಒಬ್ಬೊಬ್ಬರಿಗೆ ಒಂದೊಂದು ಟೇಬಲ್. ಅವನು ನಮ್ಮನ್ನು ಕರೆಯುತ್ತಿದ್ದದ್ದು ಟೇಬಲ್ ಲೆಕ್ಕದಲ್ಲಿ. "ಏಯ್, ಮೂರನೇ ಟೇಬಲ್, ಬಾ ಇಲ್ಲಿ." ಮೂರನೇ ಟೇಬಲ್ ಅಂದರೆ ನಾನು. ಒಮ್ಮೆ ನನಗೆ ಜ್ವರ ಬಂದು ನನ್ನ ಜಾಗದಲ್ಲಿ ಬೇರೊಬ್ಬಳು ಕೂತಿದ್ದಾಗ, ಅವಳನ್ನೂ ಮೂರನೇ ಟೇಬಲ್ ಎಂದೇ ಕರೆದು ಹಿಂದಿನ ವಾರ ನಾನು ಮಾಡಿದ್ದ ತಪ್ಪಿಗೆ ಅವಳನ್ನು ಬೈದಿದ್ದನಂತೆ. ಆದರೆ ಅವನು ಮಾಡಿದ ಯಂತ್ರಗಳಿಗೆ ಮಾತ್ರ ಹೆಸರಿತ್ತು. ಮೊದಲನೆಯದಕ್ಕೆ ಅರ್ಜುನ ಅಂತ ಇಟ್ಟಿದ್ದ.

ಯಂತ್ರ ಚೆನ್ನಾಗಿತ್ತು. ಅದನ್ನು ಹೇಳದಿದ್ದರೆ ನಾನು ಸುಳ್ಳುಗಾರ್ತಿಯಾಗುತ್ತೇನೆ. ಗೋಡೆಯ ಹತ್ತಿರ ಒಂದು ತಿರುಪು ತಿರುಗಿಸಿದರೆ ಕೊಳವೆಯಲ್ಲಿ ಗಾಳಿ ನುಗ್ಗಿ ಬುಸ್ ಎಂದು ಕೈ ಏಳುತ್ತಿತ್ತು. ಓಡುವ ಪಟ್ಟಿಯ ಪಕ್ಕದಲ್ಲಿ ಒಂದು ಗಾಜಿನ ಕಣ್ಣು. ಕಬ್ಬಿಣದ ತುಂಡು ಬಂದು ಆ ಕಣ್ಣಿಗೆ ಅಡ್ಡವಾದರೆ ಕೈ ಇಳಿದು, ಎತ್ತಿ, ಆ ಕಡೆಯ ತಟ್ಟೆಯಲ್ಲಿ ಇಡುತ್ತಿತ್ತು. ಕೈಯ ಸುತ್ತ ತಂತಿ ಜಾಲರಿ. ಜಾಲರಿಗೆ ಒಂದು ಬೋರ್ಡು: ಕೈ ಒಳಗೆ ಹಾಕಬೇಡಿ. ಯಾರ ಸಹಾಯವೂ ಇಲ್ಲದೆ ನಾನು ಓದಿದ ಮೊದಲ ವಾಕ್ಯ ಅದು.

ಆ ಕೈಗೆ ಕೆಲಸ ಕಲಿಸಿದವಳು ಸೆಲ್ವಿ. ಎರಡನೇ ಟೇಬಲ್. ಕೋರಮಂಡಲ್ ಗಣಿ ಕೂಲಿಗಳ ಲೈನು ಮನೆಯಲ್ಲಿ ಹುಟ್ಟಿ, ಅಲ್ಲೇ ಇನ್ನೊಂದು ಲೈನಿಗೆ ಮದುವೆಯಾಗಿ ಹೋದವಳು. ಗಂಡನ ಎದೆಯಲ್ಲಿ ಗಣಿಯ ಧೂಳು ಕೂತಿತ್ತು, ಕೆಮ್ಮಿಕೊಂಡು ಮನೆಯಲ್ಲಿರುತ್ತಿದ್ದ. ಇವಳು ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುವಳು. ಅವಳ ಕನ್ನಡದಲ್ಲಿ ತಮಿಳು, ನನ್ನ ಕನ್ನಡದಲ್ಲಿ ತೆಲುಗು. ನಾವಿಬ್ಬರು ಮಾತಾಡುತ್ತಿದ್ದರೆ ಜಗಳ ಬಿಡಿಸಲು ಜನ ಬರುತ್ತಿದ್ದರು.

ಅವನು ವಾರಗಟ್ಟಲೆ ಸೆಲ್ವಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತು ಅವಳ ಕೈ ನೋಡಿದ. ಎತ್ತು, ಇಡು. ಎತ್ತು, ಇಡು. "ನಿಧಾನ, ಎರಡನೇ ಟೇಬಲ್, ನಿಧಾನ." ಮುಖ ನೋಡಿದವನಲ್ಲ. ಸೆಲ್ವಿಗೆ ಒಂದು ಅಭ್ಯಾಸ, ವಸ್ತು ಕೆಳಗಿಡುವ ಮುಂಚೆ ಮಣಿಕಟ್ಟನ್ನು ಒಂದಿಷ್ಟು ತಿರುಗಿಸುವಳು, ಬಾಗಿಲಲ್ಲಿ ರಂಗೋಲಿ ಹಿಟ್ಟು ಬಿಡುವ ಹಾಗೆ. ಹಾಗೆ ತಿರುಗಿಸಿದರೆ ತುಂಡು ಅಲುಗದೆ ಕೂರುತ್ತದೆಂದು ಅವನಿಗೆ ಹೊಳೆಯಿತು. ಯಂತ್ರವೂ ಹಾಗೇ ತಿರುಗಿಸಲು ಕಲಿಯಿತು. ಮೊದಲ ಸಲ ಅದು ತಿರುಗಿಸಿದ ದಿನ ಅವನು ಕುಣಿದುಬಿಟ್ಟ. ಸೆಲ್ವಿ ನನ್ನ ಕಡೆ ಬಾಗಿ, "ಅಕ್ಕಾ, ಇವನು ನನ್ನ ತರಾನೇ ಮಾಡ್ತಾನೆ ನೋಡು," ಅಂದಳು.

"ನಾಳಿಂದ ನಿನ್ ಕೂಲೀನೂ ಅವ್ನೇ ತಗೋತಾನೆ ಬಿಡು."

"ತಗೊಳ್ಳಿ ಅಕ್ಕ. ಕುಡಿಯಲ್ಲ, ಬೀಡಿ ಸೇದಲ್ಲ, ಹೊಡೆಯಲ್ಲ. ನನ್ನ ಮಗಳಿಗೆ ಇವನನ್ನೇ ಕೇಳೋಣಾಂತಿದ್ದೀನಿ."

ನಾನು ತಮಾಷೆಗೆ ಹೇಳಿದ್ದಲ್ಲ. ಬಂದವರಿಗೆ ಅವನು ನಮ್ಮ ಮುಂದೆಯೇ ಹೇಳುತ್ತಿದ್ದ ಮಾತು ಇದು: "ಯಂತ್ರಕ್ಕೆ ಹೊಟ್ಟೆ ಇಲ್ಲ, ಬಸುರಿಲ್ಲ, ಊರಹಬ್ಬ ಇಲ್ಲ." ಹೇಳುವಾಗ ಕೈ ನಮ್ಮ ಕಡೆ ತೋರಿಸುತ್ತಿದ್ದ, ಗೋಡೌನಿನ ಹಳೇ ಕಂಬಗಳನ್ನು ತೋರಿಸುವ ಹಾಗೆ. ಬಂದವರು ನಗುತ್ತಿದ್ದರು. ನಾವು ಅರ ಹಾಕುತ್ತಿದ್ದೆವು. ಅವನನ್ನು ನೋಡಿ ಅದೇ ಬೀದಿಯಲ್ಲಿ ಇನ್ನೂ ಒಂದೆರಡು ಇಂಥ ಕಂಪನಿಗಳು ಹುಟ್ಟಿದವು. ಬಂಗಾರಪೇಟೆ ಇನ್ನು ಮೇಲೆ ರೋಬೋಟಿನ ಊರು ಎಂದು ಜನ ಹೇಳಿಕೊಂಡರು. ಅವನಿಗೆ ಸನ್ಮಾನದ ಮೇಲೆ ಸನ್ಮಾನ. ಸನ್ಮಾನದಲ್ಲಿ ಬಂದ ಶಾಲುಗಳನ್ನೆಲ್ಲ ಅವನು ಯಂತ್ರಗಳಿಗೆ ಹೊದಿಸುತ್ತಿದ್ದ. ಧೂಳು ಕೂರಬಾರದಂತೆ. ಸಂಜೆ ಬೀಗ ಹಾಕುವ ಮುಂಚೆ ತಾನೇ ಅಂಚು ಎಳೆದು, ಸುಕ್ಕು ಬಿಡಿಸಿ, ಮಗುವಿಗೆ ಹೊದಿಸುವ ಹಾಗೆ ಹೊದಿಸುವನು. ಮಾರ್ಗಶಿರದ ಚಳಿಯಲ್ಲಿ ನಾವು ಸೆರಗನ್ನೇ ಹೊದ್ದು ಮನೆಗೋ ರೈಲಿಗೋ ಓಡುವಾಗ, ಒಳಗೆ ಅರ್ಜುನ ಜರಿ ಅಂಚಿನ ಶಾಲು ಹೊದ್ದು ನಿಂತಿರುತ್ತಿದ್ದ.

ಕಾರ್ಖಾನೆಗಷ್ಟೇ ಅಲ್ಲ, ಮನೆಗೂ ಯಂತ್ರ ಮಾಡುತ್ತೇನೆಂದು ಅವನು ಒಮ್ಮೆ ಹೊರಟಿದ್ದ. ಅಡಿಗೆಮನೆಯಿಂದ ಕಾಫಿ ಲೋಟ ಹೊತ್ತು ಹಜಾರಕ್ಕೆ ಬರುವ ಗಾಲಿ ಪೆಟ್ಟಿಗೆ. ಅದನ್ನು ಅವನ ಮನೆಗೆ ಹೊತ್ತುಕೊಂಡು ಹೋದವರಲ್ಲಿ ನಾನೂ ಇದ್ದೆ. ಕಾಫಿ ಹೊತ್ತು ಬಂದ ಪೆಟ್ಟಿಗೆ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತಿತು. ಹಿಂದೆ ಹೋಗಿ ಮತ್ತೆ ಬಂದು ಗುದ್ದಿತು. ಕಾಫಿ ಚೆಲ್ಲಿತು. ಅವನು ಗಡ್ಡ ಕೆರೆದುಕೊಂಡು, "ಈ ಹೊಸ್ತಿಲು ತೆಗೆಸಿಬಿಡೋಣ," ಅಂದ. ಅವನ ಹೆಂಡತಿ, ಆ ಶುಕ್ರವಾರ ತಾನೇ ಅರಿಶಿನ ಹಚ್ಚಿದ ಹೊಸ್ತಿಲ ಮೇಲೆ ನೋಟ ನೆಟ್ಟು, "ತೆಗೆಸಿ. ಅದರ ಜೊತೆ ನನ್ನನ್ನೂ ಕಳಿಸಿಬಿಡಿ," ಅಂದಳು. ಹೊಸ್ತಿಲು ಉಳಿಯಿತು. ಪೆಟ್ಟಿಗೆಯ ಮೇಲೆ ಆಕೆ ಸಂಡಿಗೆ ಒಣಗಿಸುವುದನ್ನು ಬಹಳ ವರ್ಷ ನೋಡಿದ್ದೇನೆ. ಆ ಮನೆಯಲ್ಲಿ ನನಗೆ ಇಷ್ಟವಾದವಳು ಆಕೆಯೊಬ್ಬಳೇ.

ಈಗ ಆಯುಧಪೂಜೆಯ ವಿಷಯ. ಪೋಸ್ಟರು ಅಂಟಿಸಿದವರಿಗೆ ಇದು ಗೊತ್ತಿದೆಯೋ ಇಲ್ಲವೋ, ನನಗೆ ಗೊತ್ತಿದೆ, ಯಾಕೆಂದರೆ ನಾನು ಅಲ್ಲಿದ್ದೆ.

ಪೂಜೆಯ ದಿನ ಫೋಟೋದವನು ಬರುವನೆಂದು, ಹಿಂದಿನ ಸಂಜೆಯೇ ಅವನು ಯಂತ್ರದ ಸುತ್ತಲಿನ ಜಾಲರಿ ಬಿಚ್ಚಿಸಿದ. ಫೋಟೋದಲ್ಲಿ ಯಂತ್ರ ಪಂಜರದಲ್ಲಿಟ್ಟ ಗಿಣಿ ಹಾಗೆ ಕಾಣುತ್ತದಂತೆ. ಬಿಚ್ಚಿದ ಜಾಲರಿಯನ್ನು ಬೋರ್ಡಿನ ಸಮೇತ ಬಚ್ಚಲ ಗೋಡೆಗೆ ಒರಗಿಸಿದರು. ಮಾರನೇ ದಿನ ಪೂಜೆ. ನಾನು ಗಂಡ ಸತ್ತವಳು, ದೂರ ಕೂತು ಚೆಂಡುಹೂ ಕಟ್ಟಿಕೊಟ್ಟೆ. ಪೂಜೆ ಮಾಡಿದವಳು ಸೆಲ್ವಿ. ದೇವರಾಗಲಿ, ಲಾರಿಯಾಗಲಿ, ಹೊಲಿಗೆ ಮಿಷಿನ್ನಾಗಲಿ, ಕುಂಕುಮ ಇಡುವುದು ಮುಖಕ್ಕೆ. ಆ ಯಂತ್ರಕ್ಕೆ ಮುಖ ಎಂದು ಕಾಣುತ್ತಿದ್ದದ್ದು ಗಾಜಿನ ಕಣ್ಣೊಂದೇ. ಸೆಲ್ವಿ ಅದರ ಮೇಲೆ ಗಂಧ ಇಟ್ಟು ಕುಂಕುಮ ಇಟ್ಟಳು. ಯಂತ್ರದ ಮಣಿಕಟ್ಟಿಗೆ ಹಾರ ಹಾಕಿದಳು. ಕುಂಬಳಕಾಯಿ ಒಡೆದೆವು. ಅವನು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಕುಂಕುಮ ಎಲ್ಲಿದೆಯೆಂದು ಅವನಿಗೂ ಕಾಣುತ್ತಿತ್ತು. ಫೋಟೋದಲ್ಲೂ ಕಾಣುತ್ತದೆ.

ಪೂಜೆಯ ಹೂ ತೆಗೆಯುವ ತನಕ ಯಂತ್ರ ಓಡಿಸುವಂತಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಟೋದವನಿಂದ ಹಿಡಿದು ಗಿರಣಿಯವನ ತನಕ ಎಲ್ಲರಿಗೂ ಗೊತ್ತು. ಹಬ್ಬ ಕಳೆದು ಬಾಗಿಲು ತೆಗೆದ ಬೆಳಿಗ್ಗೆ ಸೆಲ್ವಿ ಬಾಡಿದ ಹಾರ ಬಿಡಿಸುತ್ತಿದ್ದಳು. ದಾರ ಸಿಕ್ಕಿಕೊಂಡಿತ್ತು, ಕೈ ಒಳಗೆ ಹಾಕಿ ಗಂಟು ಹುಡುಕುತ್ತಿದ್ದಳು. ಆಗ ಅವನು ಮದ್ರಾಸಿನಿಂದ ಬಂದ ಇಬ್ಬರು ಕೋಟಿನವರನ್ನು ಕರೆದುಕೊಂಡು ಒಳಗೆ ಬಂದ. ಮಾತಾಡುತ್ತಲೇ ಗೋಡೆಯ ಹತ್ತಿರ ಹೋದ. ಮುಖ ಅವರ ಕಡೆ, ಕೈ ತಿರುಪಿನ ಮೇಲೆ.

"ಸಾರ್, ಹೂವ ಇನ್ನೂ ತೆಗೆದಿಲ್ಲ," ಅಂತ ನಾನು ಕೂಗಿದೆ.

"ಹೂವಿಗೂ ಮಿಷಿನ್ನಿಗೂ ಏನಮ್ಮ ಸಂಬಂಧ," ಅಂದ, ತಿರುಗಿಸಿದ.

ಕುಂಕುಮ ಮುಚ್ಚಿದ ಕಣ್ಣಿಗೆ ತುಂಡು ಬಂದು ನಿಂತ ಹಾಗೆಯೇ ಲೆಕ್ಕ. ಬುಸ್ ಎಂದು ಕೈ ಇಳಿಯಿತು. ಕೆಳಗಿದ್ದ ಕಬ್ಬಿಣದ ಹಲಗೆಗೂ ಅದಕ್ಕೂ ನಡುವೆ ಸೆಲ್ವಿಯ ಬಲಗೈ ಇತ್ತು. ಕಿರುಚಿದ್ದು ಕೋಟಿನವರು. ಸೆಲ್ವಿ ಕಿರುಚಲಿಲ್ಲ, ಕೂತುಬಿಟ್ಟಳು.

ಅವನು ಗಾಳಿ ನಿಲ್ಲಿಸಿದ. ಅದನ್ನು ಮಾಡಿದ, ಇಲ್ಲ ಅನ್ನುವುದಿಲ್ಲ. ಆಮೇಲೆ ನಾವು ಸೆಲ್ವಿಯನ್ನು ಎತ್ತುತ್ತಿರುವಾಗ ಅವನು ಬಗ್ಗಿ ಗಾಜಿನ ಕಣ್ಣನ್ನು ನೋಡಿದ. ಬೆರಳಿಂದ ಒರೆಸಿದ. ಕೆಂಪಾದ ಬೆರಳನ್ನು ಕೋಟಿನವರಿಗೆ ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅವರು ತಲೆಯಾಡಿಸಿದರು. ನನಗೆ ಇಂಗ್ಲಿಷು ಬರುವುದಿಲ್ಲ, ಆದರೆ ಆ ಬೆರಳು ಏನು ಹೇಳಿತೆಂದು ಗೊತ್ತಾಯಿತು.

ಮಧ್ಯಾಹ್ನ ನಾವು ಆಸ್ಪತ್ರೆಯಿಂದ ತಿರುಗಿ ಬರುವ ಹೊತ್ತಿಗೆ ಜಾಲರಿ ತನ್ನ ಜಾಗದಲ್ಲಿ ನಿಂತಿತ್ತು. ಬೋರ್ಡು ಒರೆಸಿದ್ದರು.

ಸೆಲ್ವಿಯ ಕೈಯನ್ನು ಮಣಿಕಟ್ಟಿನ ತನಕ ತೆಗೆದರು. ಅವನು ಮೂಸಂಬಿ ಹಣ್ಣು ಹಿಡಿದು ನೋಡಲು ಬಂದ. ಮಂಚದ ಪಕ್ಕದಲ್ಲಿ ನಿಂತು, ಮೇಷ್ಟ್ರು ಮಗ್ಗಿ ಕೇಳುವ ಹಾಗೆ ಕೇಳಿದ.

"ಎರಡನೇ ಟೇಬಲ್, ಕಣ್ಣಿಗೆ ಕುಂಕುಮ ಹಚ್ಚಿದ್ದು ಯಾರು?"

"ನಾನೇ ಸಾರ್."

"ನೋಡು ಮತ್ತೆ. ಇನ್ನು ಮೇಲಾದರೂ ಈ ಮೂಢನಂಬಿಕೆ ಬಿಡಿ."

ಅಷ್ಟೇ ಹೇಳಿ ಹೋದ. ಆಸ್ಪತ್ರೆಯ ಖರ್ಚು ಕೊಟ್ಟ, ಹಣ್ಣು ಕೊಟ್ಟ. ಜಾಲರಿಯ ಮಾತು ಎತ್ತಲಿಲ್ಲ. ಅವನು ಹೋದ ಮೇಲೆ ಸೆಲ್ವಿ ಗೋಡೆಯ ಕಡೆ ತಿರುಗಿ, "ಸಾಮಿ ಕುತ್ತಂ ಅಕ್ಕ," ಅಂದಳು. ದೇವರಿಗೆ ಮಾಡಿದ ತಪ್ಪು ಎಂದು ಅದರ ಅರ್ಥ. ಪೂಜೆಯಲ್ಲಿ ಏನೋ ಲೋಪ ಮಾಡಿದ್ದೇನೆ, ತಾಯಿ ಮಾರಿಯಮ್ಮ ಪೂಜೆ ಮಾಡಿದ ಕೈಯನ್ನೇ ತೆಗೆದುಕೊಂಡಳು ಎಂದು ಅವಳ ಎಣಿಕೆ. ಅವನು ಮೂಢನಂಬಿಕೆ ಬಿಡಿ ಅಂದ ಮಾತೇ ಅವಳಿಗೆ ಹೊಸ ಮೂಢನಂಬಿಕೆ ತಂದಿಟ್ಟಿತು.

ಅಂದಿನಿಂದ ಸೆಲ್ವಿ ಕುಂಕುಮ ಮುಟ್ಟಲಿಲ್ಲ. ಗಂಡ ಬದುಕಿದ್ದ, ಹಣೆ ಬೋಳು. ಅತ್ತೆ ಬೈದಳು, ಲೈನಿನ ಹೆಂಗಸರು ಆಡಿಕೊಂಡರು. ಮಾರಿಯಮ್ಮನ ಗುಡಿಗೆ ಹೋದರೆ ಹೊರಗಿನ ಕಲ್ಲಿನ ಹತ್ತಿರವೇ ನಿಂತು ವಾಪಸ್ ಬರುವಳು. ಮಗಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ಸಾರು ನೋಡುವ ನೆಪದಲ್ಲಿ ಒಲೆಯ ಹತ್ತಿರ ಹೋಗಿ ನಿಂತಿದ್ದಳು. ಕೈ ಹೋದದ್ದಕ್ಕೆ ಅವಳು ಅತ್ತದ್ದನ್ನು ನಾನು ನೋಡಿಲ್ಲ. ಇದಕ್ಕೆ ಅತ್ತದ್ದನ್ನು ನೋಡಿದ್ದೇನೆ.

ನಾನು ಹೇಳದೆ ಇರಲಿಲ್ಲ. ಹೋದಾಗಲೆಲ್ಲ ಹೇಳಿದೆ. "ಸೆಲ್ವಿ, ಜಾಲ್ರಿ ಇದ್ದಿದ್ರೆ ನಿನ್ ಕೈ ಒಳೀಕೇ ಓಗ್ತಿರ್ಲಿಲ್ಲ. ತೆಗ್ಸಿದ್ದು ಅವ್ರು. ನಾನು ಕೂಗಿದ್ರೂ ತಿರುಪಿದ್ದು ಅವ್ರು."

"ನೀ ನನ್ನ ಅಕ್ಕ, ನೀ ಹಂಗೇ ಹೇಳ್ತೀಯ. ಅವರು ಹೇಳ್ಳಿ. ಮಿಷಿನ್ನು ಮಾಡಿದೋರು ಅವರು, ಅವರಿಗೆ ಗೊತ್ತಿರೋದು."

ಸರಿ, ಅವನನ್ನೇ ಕೇಳೋಣವೆಂದು ಒಂದು ದಿನ ಊಟದ ಹೊತ್ತಿನಲ್ಲಿ ಹೋಗಿ ನಿಂತೆ. ಅವನು ಚಮಚದಲ್ಲಿ ಮೊಸರನ್ನ ತಿನ್ನುತ್ತಿದ್ದ.

"ಸಾರ್, ಸೆಲ್ವಿ ತಾವ ಒಂದ್ ಮಾತು ಏಳ್ಬೇಕು ನೀವು."

"ಯಾರು ಸೆಲ್ವಿ?"

"ಎರಡನೇ ಟೇಬಲ್."

"ಓ. ಏನು ಹೇಳಬೇಕು?"

"ಅವ್ಳ ಕುಂಕುಮದಿಂದ ಅಲ್ಲ, ಜಾಲ್ರಿ ತೆಗ್ದಿದ್ರಿಂದ ಆಗಿದ್ದು ಅಂತ. ಅಷ್ಟೇಯ."

ಅವನು ಚಮಚ ಕೆಳಗಿಟ್ಟ. "ಹೇಳಿದರೆ ಕೈ ಬರುತ್ತಾ?"

"ಕೈ ಬರಾಕಿಲ್ಲ. ದೇವ್ರ ಮುಂದೆ ನಿಂತ್ಕೊಳಾಕಾದ್ರೂ ಆಯ್ತದೆ."

"ನಾನು ದೇವರನ್ನೇ ನಂಬುವವನಲ್ಲ. ನಿಮ್ಮ ದೇವರ ಪರವಾಗಿ ನಾನ್ಯಾಕೆ ಮಾತಾಡಲಿ?"

"ದೇವ್ರ ಪರ ಮಾತಾಡ್ಬ್ಯಾಡಿ ಸಾರ್. ಜಾಲ್ರಿ ಪರ ಮಾತಾಡಿ."

ಅವನು ನನ್ನ ಮುಖ ನೋಡಿದ್ದು ಅದೇ ಮೊದಲು. ನೋಡಿ, "ಹೋಗಮ್ಮ, ಮೂರನೇ ಟೇಬಲ್, ಊಟ ಮಾಡಲು ಬಿಡು," ಅಂದ. ನಾನು ಹೋದೆ. ಕೆಲಸ ಬಿಡಲಿಲ್ಲ. ಬಿಟ್ಟರೆ ಉಣ್ಣುವುದೇನು?

ಒಂದು ಮಾತು ಹೇಳುವ ಬದಲು ಅವನು ಏನು ಮಾಡಿದ ಗೊತ್ತೇ? ಸೆಲ್ವಿಗೆ ಒಂದು ಕೈ ಮಾಡಿದ. ತಗಡು, ತಂತಿ, ಚರ್ಮದ ಪಟ್ಟಿ. ತಿಂಗಳುಗಟ್ಟಲೆ ಕೂತು ಮಾಡಿದ, ಅದರಲ್ಲಿ ಸೋಮಾರಿತನ ಮಾಡಿದವನಲ್ಲ. ಪತ್ರಿಕೆಯವರನ್ನು ಕರೆಸಿದ. ಸೆಲ್ವಿಯನ್ನು ಕೋರಮಂಡಲ್‌ನಿಂದ ಕಾರಿನಲ್ಲಿ ಕರೆಸಿ ಕೈ ಕಟ್ಟಿ, ಅದರಲ್ಲಿ ಒಂದು ನಿಂಬೆಹಣ್ಣು ಹಿಡಿಸಿದರು. ಹಣ್ಣು ಬೀಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಪತ್ರಿಕೆಯಲ್ಲಿ ಫೋಟೋ ಬಂತು. ಬಡ ಹೆಂಗಸಿಗೆ ಕೈ ಕೊಟ್ಟ ಮಹಾನುಭಾವ.

ಫೋಟೋದಲ್ಲಿ ಕಾಣದ ವಿಷಯ ಏನೆಂದರೆ, ಆ ಕೈಯ ಹಿಂದಿನಿಂದ ಒಂದು ಕೊಳವೆ ಹೊರಟು ಕಂಪನಿಯ ಗಾಳಿ ಯಂತ್ರಕ್ಕೆ ಸೇರಿತ್ತು. ಆ ಕೈ ಹಿಡಿಯಬೇಕಾದರೆ ಗಾಳಿ ಬೇಕು. ಮನೆಯಲ್ಲಿ ಗಾಳಿ ಎಲ್ಲಿಂದ ತರುವುದು? ಸೆಲ್ವಿ ಅದನ್ನು ಮನೆಗೆ ಒಯ್ದು ಮೊಳೆಗೆ ನೇತು ಹಾಕಿದಳು. ಸ್ವಲ್ಪ ದಿನದಲ್ಲಿ ಕಂಪನಿಯಿಂದ ಆಳು ಹೋಗಿ, ಬೆಂಗಳೂರಿನ ಪ್ರದರ್ಶನಕ್ಕೆ ಬೇಕಂತೆ ಎಂದು ತೆಗೆದುಕೊಂಡು ಬಂದ. ಅದು ಮತ್ತೆ ಕೋರಮಂಡಲ್‌ಗೆ ಹೋಗಲಿಲ್ಲ. ಒಬ್ಬಳೇ ಹೆಂಗಸಿನಿಂದ ಎರಡು ಸಲ ಕೈ ತೆಗೆದವನನ್ನು ನಾನು ಬೇರೆ ಕಂಡಿಲ್ಲ.

"ಆ ಕೈ ಓದ್ರೆ ಓಗ್ಲಿ ಬಿಡು," ಅಂದೆ ನಾನು.

"ಹೋಗ್ಲಿ ಅಕ್ಕ. ಅದ್ರಲ್ಲಿ ಕುಂಕುಮ ಇಡಕ್ಕಾಗ್ತಿತ್ತಾ?" ಅಂದಳು.

ಇಷ್ಟು ವರ್ಷ ಆದ ಮೇಲೆ ಈಗ ಪೋಸ್ಟರು. ಅವನ ಮನೆಗೆ ಹೋದೆ. ಯಾಕೆ ಹೋದೆ ಅಂದರೆ, ಸಾಯುವ ಹೊತ್ತಿಗೆ ಮನುಷ್ಯರು ಏನಾದರೂ ಹೇಳುತ್ತಾರೆ ಎಂಬ ಒಂದು ಆಸೆ. ಹಜಾರದಲ್ಲಿ ಆ ಗಾಲಿ ಪೆಟ್ಟಿಗೆಯ ಮೇಲೆಯೇ ಅವನ ಫೋಟೋ ಇಟ್ಟು ದೀಪ ಹಚ್ಚಿದ್ದರು. ಪಕ್ಕದಲ್ಲಿ ಕಟ್ಟು ಹಾಕಿಸಿದ ಪತ್ರಿಕೆಯ ಫೋಟೋ. ಸೆಲ್ವಿ, ತಗಡಿನ ಕೈ, ನಿಂಬೆಹಣ್ಣು. ಅವನ ಹೆಂಡತಿ ನನ್ನನ್ನು ಗುರುತು ಹಿಡಿದಳು, ಚಾಪೆ ಹಾಕಿದಳು.

"ಕಡೇಗೆ ಏನಾರಾ ಅಂದ್ರಾ ಅಮ್ಮಾವ್ರೆ? ಕಂಪ್ನಿ ಇಸ್ಯ, ನಮ್ಮೋರ್ ಇಸ್ಯ?"

ಆಕೆ ದೀಪಕ್ಕೆ ಎಣ್ಣೆ ಹಾಕಿದಳು. ನನ್ನ ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು. ಆಕೆ ಅಂಥವಳಲ್ಲ.

"ಶಾಲು ಹೊದಿಸಿದ್ರಾ, ಶಾಲು ಹೊದಿಸಿದ್ರಾ ಅಂತಿದ್ರು. ನನಗೇ ಚಳಿ ಆಗ್ತಿದೆಯೇನೋ ಅಂತ ಕೇಳ್ತಿದ್ದಾರೆ ಅಂದ್ಕೊಂಡೆ. ಆಮೇಲೆ ಗೊತ್ತಾಯಿತು, ಮಿಷಿನ್ನಿಗೆ."

ಆಕೆಗೆ ನಗು ಬಂತು, ನನಗೂ ಬಂತು. ಸಾವಿನ ಮನೆಯಲ್ಲಿ ಇಬ್ಬರು ಮುದುಕಿಯರು ಬಾಯಿಗೆ ಸೆರಗು ಇಟ್ಟುಕೊಂಡೆವು.

ಅಲ್ಲಿಂದ ಎದ್ದು ಮಾರಿಕುಪ್ಪಂ ರೈಲು ಹತ್ತಿದೆ. ಸೆಲ್ವಿ ಈಗ ಕೋರಮಂಡಲ್ ಸ್ಟೇಷನ್ ಹೊರಗೆ ಬೇಯಿಸಿದ ಕಡಲೇಕಾಯಿ ಮಾರುತ್ತಾಳೆ. ಪೊಟ್ಟಣದ ಕಾಗದವನ್ನು ಮೊಂಡುಗೈಯಲ್ಲಿ ಒತ್ತಿ ಹಿಡಿದು ಎಡಗೈಯಲ್ಲಿ ಸುತ್ತುತ್ತಾಳೆ. ನನ್ನನ್ನು ಕಂಡು ಗೋಣಿತಾಟು ಸರಿಸಿ ಜಾಗ ಮಾಡಿದಳು. ಅವನು ಹೋದ ಎಂದು ಹೇಳಿದೆ. ಅವಳು ಕಡಲೇಕಾಯಿ ಕೆದಕುತ್ತ ಕೇಳಿದ್ದು ನನ್ನ ಪ್ರಶ್ನೆಯನ್ನೇ.

"ಏನಾದ್ರೂ ಹೇಳಿದ್ರಾ ಅಕ್ಕ?"

ರೈಲಿನಲ್ಲಿ ಕೂತಾಗ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಅವಳು ಕೇಳಿದ ಮೇಲೆ ಬಂತು.

"ಅಂದ್ರಂತೆ. ಅವ್ರ ಎಂಡ್ತಿ ಏಳಿದ್ರು. ಎರಡನೇ ಟೇಬಲ್‌ದು ಏನೂ ತಪ್ಪಿಲ್ಲ, ಜಾಲ್ರಿ ತೆಗ್ಸಿದ್ದು ನಾನು ಅಂದ್ರಂತೆ."

ಸೆಲ್ವಿಯ ಕೈ ನಿಂತಿತು. "ಎರಡನೇ ಟೇಬಲ್ ಅಂತಾನೇ ಅಂದ್ರಾ? ಸೆಲ್ವಿ ಅಂದಿಲ್ವಾ?"

"ಇಲ್ಲ. ಎರಡನೇ ಟೇಬಲ್ ಅಂತ್ಲೇ ಅಂದ್ರಂತೆ."

"ಹಂಗಾದ್ರೆ ಅವರೇ," ಅಂದಳು.

ಒಬ್ಬ ಗಿರಾಕಿ ಬಂದ, ಪೊಟ್ಟಣ ಕಟ್ಟಿಕೊಟ್ಟಳು. ಆಮೇಲೆ, "ಅಕ್ಕ, ಒಂಚೂರು ಬುಟ್ಟಿ ನೋಡ್ಕೋ," ಎಂದು ಎದ್ದು ರಸ್ತೆ ದಾಟಿದಳು. ಎದುರಿಗೆ ಮಾರಿಯಮ್ಮನ ಗುಡಿ. ಹೊರಗಿನ ಕಲ್ಲಿನ ಹತ್ತಿರ ಅವಳು ನಿಲ್ಲಲಿಲ್ಲ. ನಾನು ಕಡಲೇಕಾಯಿ ಸುಲಿದು ತಿನ್ನುತ್ತ ಕೂತೆ. ಉಪ್ಪು ಒಂದು ಹದ ಹೆಚ್ಚಾಗಿತ್ತು.

ಸಾಯುವ ತನಕ ಅವನು ಮಾಡದ ಒಂದೇ ಒಂದು ಕೆಲಸ ಅದು. ಸತ್ತ ಮೇಲೆ ಅದನ್ನೂ ಮೂರನೇ ಟೇಬಲ್ಲೇ ಮಾಡಬೇಕಾಯಿತು. ಅದರಿಂದ ಅವನಿಗೆ ಪುಣ್ಯ ಬಂದರೆ ಬರಲಿ, ತಡೆಯಲು ನನ್ನಿಂದಾಗುವುದಿಲ್ಲ. ಸೆಲ್ವಿಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ಓದಿದವರಲ್ಲಿ ಯಾರಾದರೂ ಕೋರಮಂಡಲ್ ಸ್ಟೇಷನ್ನಿನಲ್ಲಿ ಇಳಿದರೆ ಅವಳ ಹತ್ತಿರ ಕಡಲೇಕಾಯಿ ಕೊಳ್ಳಿ. ಇದರ ಮಾತು ಮಾತ್ರ ಎತ್ತಬೇಡಿ.